ಬೆರಳಿಗೆ ತಿಳಿಯದ ನಷ್ಟ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳ ಒಳನಾಡಿನಲ್ಲಿ ಸೌರವಿದ್ಯುತ್ತಿನ ಪ್ರಸ್ತಾಪ ಬಂದಲ್ಲೆಲ್ಲ ಪ್ಯಾನೆಲ್ ಎಷ್ಟು ವಾಟಿನದು, ಬ್ಯಾಟರಿ ಯಾವ ಕಂಪೆನಿಯದು, ವಾರಂಟಿ ಎಷ್ಟು ವರ್ಷದ್ದು ಎಂಬ ಪ್ರಶ್ನೆಗಳು ಏಳುತ್ತವೆಯೇ ಹೊರತು, ಆ ಪ್ಯಾನೆಲಿನಿಂದ ಆ ಬ್ಯಾಟರಿಗೆ ಬರುವ ತಂತಿಯ ದಪ್ಪವೆಷ್ಟು, ಉದ್ದವೆಷ್ಟು ಎಂದು ವಿಚಾರಿಸುವವರು ವಿರಳ. ವಿಚಾರಿಸಿದವರಿಗೂ ಸಿದ್ಧವಾದ ಉತ್ತರವೊಂದು ಕಾದಿರುತ್ತದೆ: "ಎರಡೂವರೆ ಸ್ಕ್ವೇರ್ ಹಾಕಿದ್ದೇವೆ, ಇಪ್ಪತ್ತು ಆಂಪಿಯರ್ ತಡೆಯುತ್ತದೆ, ಬೇಕಾದರೆ ಮುಟ್ಟಿ ನೋಡಿ, ಬಿಸಿಯೇ ಇಲ್ಲ." ಈ ಉತ್ತರ ಕೆಲಸದವರ ಬಾಯಲ್ಲಿದೆ, ಅಂಗಡಿಯ ಕಟ್ಟೆಯಲ್ಲಿದೆ, ಮನೆಯ ಯಜಮಾನರ ಮನಸ್ಸಿನಲ್ಲಿಯೂ ನೆಲೆಯೂರಿದೆ. ತಂತಿ ಬಿಸಿಯಾಗದಿದ್ದರೆ ಸಾಕು, ಉಳಿದುದೆಲ್ಲ ಪ್ಯಾನೆಲ್ ಬ್ಯಾಟರಿಗಳ ಗುಣ ಎಂಬ ಈ ಅಭಿಪ್ರಾಯವು ಸರ್ವಸಮ್ಮತವಾಗಿ ನಡೆದುಬಂದಿದ್ದರೂ, ಹನ್ನೆರಡು ವೋಲ್ಟಿನ ಸೌರವ್ಯವಸ್ಥೆಯ ಮಟ್ಟಿಗೆ ಅದು ಸಂಪೂರ್ಣ ತಪ್ಪು. ನಮ್ಮ ಭಾಗದಲ್ಲಿ ಬ್ಯಾಟರಿಗಳು ಅಕಾಲದಲ್ಲಿ ಸಾಯುವುದಕ್ಕೆ ಅದು ಒಂದು ಮುಖ್ಯ ಕಾರಣವೆಂಬುದು ನನ್ನ ದೃಢವಾದ ನಂಬಿಕೆ.

ಈ ಅಭಿಪ್ರಾಯ ಎಲ್ಲಿಂದ ಹುಟ್ಟಿತೆಂಬುದನ್ನು ಮೊದಲು ನೋಡುವುದು ನ್ಯಾಯ. ನಮ್ಮ ವಯರಿಂಗ್ ಕೆಲಸದವರು ವಿದ್ಯೆ ಕಲಿತದ್ದು ಮೆಸ್ಕಾಂ ಕಂಬದಿಂದ ಬರುವ 230 ವೋಲ್ಟಿನ ಮೇಲೆ. ಅಲ್ಲಿ ತಂತಿಯ ವಿಷಯದಲ್ಲಿ ಭಯಪಡಬೇಕಾದದ್ದು ಶಾಖಕ್ಕೆ ಮಾತ್ರ. ಶಾಖವೇರಿ ಹೊದಿಕೆ ಕರಗಿ ಬೆಂಕಿ ಹತ್ತಬಾರದು ಎಂಬಷ್ಟನ್ನು ನೋಡಿಕೊಂಡರೆ ಉಳಿದುದು ತಾನಾಗಿಯೇ ಸರಿಹೋಗುತ್ತದೆ. ತಂತಿಯಲ್ಲಿ ಎರಡು ವೋಲ್ಟು ಕಳೆದುಹೋದರೂ 230ರಲ್ಲಿ ಅದು ನೂರಕ್ಕೆ ಒಂದು ಪಾಲೂ ಆಗದು. ಆದಕಾರಣ ಆಂಪಿಯರ್ ಕೋಷ್ಟಕವನ್ನು ನೋಡಿ ತಂತಿಯನ್ನು ಆರಿಸುವ ಪದ್ಧತಿ ಆ ಕ್ಷೇತ್ರದಲ್ಲಿ ನಿರ್ದುಷ್ಟವಾದದ್ದೇ. ದೋಷ ಸಂಭವಿಸುವುದು ಅದೇ ಪದ್ಧತಿಯನ್ನು ವಿಮರ್ಶೆಯಿಲ್ಲದೆ ಹನ್ನೆರಡು ವೋಲ್ಟಿನ ಲೋಕಕ್ಕೆ ಎತ್ತಿ ತಂದಾಗ. ಅದೇ ಎರಡು ವೋಲ್ಟು ಇಲ್ಲಿ ಕಳೆದುಹೋದರೆ ಆರರಲ್ಲಿ ಒಂದು ಪಾಲು ಹೋಯಿತೆಂದು ಲೆಕ್ಕ. ಮತ್ತು ಅಷ್ಟು ಹೋದ ಮೇಲೆ ಉಳಿದುದು ಬ್ಯಾಟರಿಯ ಉಪಯೋಗಕ್ಕೆ ಬಾರದಿರುವ ಸಂಭವವೂ ಉಂಟು.

ಲೆಕ್ಕವನ್ನೇ ಮಾಡಿ ನೋಡೋಣ. ಹನ್ನೆರಡು ವೋಲ್ಟಿನ ವ್ಯವಸ್ಥೆಗೆಂದು ಮಾಡಿದ ನೂರು ವಾಟಿನ, ಮೂವತ್ತಾರು ಕೋಶಗಳ ಒಂದು ಪ್ಯಾನೆಲು ಒಳ್ಳೆಯ ಬಿಸಿಲಿನಲ್ಲಿ ಸುಮಾರು 5.7 ಆಂಪಿಯರ್ ಕೊಡುತ್ತದೆ. ಪ್ಯಾನೆಲಿನಿಂದ ಬ್ಯಾಟರಿಯ ಕೋಣೆಗೆ ದೂರ 25 ಮೀಟರ್ ಎಂದಿಟ್ಟುಕೊಳ್ಳೋಣ. ವಿದ್ಯುತ್ತು ಹೋಗುವುದಕ್ಕೆ ಒಂದು ಎಳೆ, ಮರಳುವುದಕ್ಕೆ ಇನ್ನೊಂದು ಎಳೆ ಬೇಕಾದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ಉದ್ದ 50 ಮೀಟರ್. ಈ ಮರಳುವ ದಾರಿಯನ್ನು ಮರೆತು ಅರ್ಧ ಉದ್ದಕ್ಕೆ ಲೆಕ್ಕ ಹಾಕುವುದು ಎಷ್ಟು ವ್ಯಾಪಕವಾಗಿದೆಯೆಂದರೆ, ಓದಿದವರು ಕೂಡ ಅದರಿಂದ ಮುಕ್ತರಲ್ಲ. 2.5 ಸ್ಕ್ವೇರಿನ, ಅಂದರೆ 2.5 ಚದರ ಮಿಲಿಮೀಟರ್ ಅಡ್ಡಕೊಯ್ತದ, ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 8 ಓಮ್. 50 ಮೀಟರಿಗೆ 0.4 ಓಮ್. 5.7 ಆಂಪಿಯರ್ ಹರಿದಾಗ ಕಳೆದುಹೋಗುವುದು 2.3 ವೋಲ್ಟು, ಅಂದರೆ ನೂರು ವಾಟಿನಲ್ಲಿ ಹದಿಮೂರು ವಾಟು. ಇನ್ನೂ ಸೋವಿಯೆಂದು 1.5 ಸ್ಕ್ವೇರ್ ಎಳೆದಿದ್ದರೆ 3.8 ವೋಲ್ಟು. 6 ಸ್ಕ್ವೇರ್ ಎಳೆದಿದ್ದರೆ ಒಂದು ವೋಲ್ಟಿಗಿಂತ ಕಡಿಮೆ. 10 ಸ್ಕ್ವೇರಿಗೆ ಅರ್ಧ ವೋಲ್ಟಿನ ಆಸುಪಾಸು.

ಈಗ ಮುಟ್ಟಿ ನೋಡುವ ಪರೀಕ್ಷೆಯನ್ನು ಪರಿಶೀಲಿಸಬಹುದು. 2.5 ಸ್ಕ್ವೇರಿನ ಆ ತಂತಿಯಲ್ಲಿ ನಷ್ಟವಾಗುತ್ತಿರುವ ಹದಿಮೂರು ವಾಟು ಐವತ್ತು ಮೀಟರಿನ ಉದ್ದಕ್ಕೂ ಹಂಚಿಹೋಗಿರುತ್ತದೆ. ಒಂದೊಂದು ಮೀಟರಿಗೆ ಬರುವುದು ಕಾಲು ವಾಟು. ಕಾಲು ವಾಟಿನ ಶಾಖವನ್ನು ಒಂದು ಮೀಟರ್ ತಂತಿಯ ಮೇಲೆ ಯಾವ ಮನುಷ್ಯನ ಬೆರಳೂ ಗುರುತಿಸಲಾರದು. ಬೆರಳು ಅಳೆಯುವುದು ತಾನು ಮುಟ್ಟಿದ ಒಂದು ಅಂಗುಲವನ್ನು. ಮನೆಯವರು ತೆರುವುದು ಇಡೀ ಉದ್ದದ ನಷ್ಟವನ್ನು. ತಂತಿ ಉದ್ದವಾದಷ್ಟೂ ನಷ್ಟ ಹೆಚ್ಚುತ್ತದೆ, ಆದರೆ ಬೆರಳಿಗೆ ತಾಗುವ ಬಿಸಿ ಇದ್ದಷ್ಟೇ ಇರುತ್ತದೆ. ಹೀಗಿರುವಾಗ ಬಿಸಿಯಿಲ್ಲದಿರುವುದನ್ನೇ ಸಾಕ್ಷಿಯಾಗಿ ಮುಂದಿಡುವ ವಾದಕ್ಕೆ ಯಾವ ಆಧಾರವೂ ಉಳಿಯುವುದಿಲ್ಲ.

ಇಷ್ಟು ಉದ್ದದ ತಂತಿ ಯಾರ ಮನೆಯಲ್ಲಿದೆ ಎಂದು ಬಯಲುಸೀಮೆಯವರು ಕೇಳಿಯಾರು. ಅವರ ಮನೆಗೆ ತಾರಸಿಯುಂಟು, ತಾರಸಿಗೆ ಬಿಸಿಲುಂಟು. ಪ್ಯಾನೆಲು ಮೇಲೆ, ಬ್ಯಾಟರಿ ಕೆಳಗೆ, ನಡುವೆ ಎಂಟು ಹತ್ತು ಮೀಟರ್ ತಂತಿ. ನಮ್ಮ ನೆಲದ ಸ್ವರೂಪ ಹಾಗಲ್ಲ. ದಿಡುಪೆ, ನೆರಿಯ, ಶಿಶಿಲಗಳಲ್ಲಾಗಲಿ, ವಿಟ್ಲ ಪುಣಚದ ಕಡೆಯಲ್ಲಾಗಲಿ, ಶಿರ್ತಾಡಿಯ ಆಸುಪಾಸಿನಲ್ಲಾಗಲಿ ಹಳೆಯ ಹಂಚಿನ ಮನೆ ಇರುವುದು ತಗ್ಗಿನಲ್ಲಿ, ತೋಟದ ಮಗ್ಗುಲಲ್ಲಿ, ನೀರಿನ ಸಮೀಪದಲ್ಲಿ. ಮಾಡಿನ ಮೇಲೆ ಹಲಸಿನ ಮರದ ನೆರಳು, ಅದು ತಪ್ಪಿದರೆ ತೆಂಗಿನದು, ಅದೂ ತಪ್ಪಿದರೆ ಅಡಿಕೆಯದು. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನಿರಾತಂಕವಾಗಿ ಬಿಸಿಲು ಬೀಳುವ ಜಾಗವೆಂದರೆ ಅಡಿಕೆ ಒಣಗಿಸುವ ಅಂಗಳದ ಅಂಚು, ಇಲ್ಲವೇ ಮನೆಯ ಹಿಂದಿನ ಗುಡ್ಡೆಯ ತಲೆ. ಪ್ಯಾನೆಲನ್ನು ಅಲ್ಲಿಯೇ ನಿಲ್ಲಿಸಬೇಕು. ಅದು ಸರಿಯಾದ ನಿರ್ಧಾರವೂ ಹೌದು, ಏಕೆಂದರೆ ಒಂದು ಸೋಗೆಯ ನೆರಳು ಪ್ಯಾನೆಲಿನ ಕೆಲವೇ ಕೋಶಗಳ ಮೇಲೆ ಬಿದ್ದರೂ ಇಡೀ ಪ್ಯಾನೆಲಿನ ಉತ್ಪತ್ತಿ ಕುಗ್ಗುತ್ತದೆ. ಆದುದರಿಂದ ಇಪ್ಪತ್ತು, ಮೂವತ್ತು, ನಲವತ್ತು ಮೀಟರ್ ತಂತಿಯೆಂಬುದು ನಮ್ಮಲ್ಲಿ ಅಪವಾದವಲ್ಲ, ಸಾಮಾನ್ಯ ಸ್ಥಿತಿ. ತಾರಸಿ ಮನೆಗಳಿಗಾಗಿ ತಯಾರಾದ ರೂಢಿಯ ಅಳತೆಯನ್ನು ಈ ತಗ್ಗುದಿಣ್ಣೆಗಳ ನಾಡಿಗೆ ಹಾಗೆಯೇ ಅನ್ವಯಿಸುವುದು ಅವಿಚಾರ.

ಇಲ್ಲಿಯ ಕೃಷಿಕರು ಇದನ್ನು ಗ್ರಹಿಸಲಾರದವರಲ್ಲ. ಗುಡ್ಡೆಯ ತಲೆಗೆ ಸ್ಪ್ರಿಂಕ್ಲರಿನ ಪೈಪು ಎಳೆಯುವಾಗ ದೂರ ಹೆಚ್ಚಿದಂತೆ ಪೈಪಿನ ಇಂಚು ಹೆಚ್ಚಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಣ್ಣ ಪೈಪು ಹಾಕಿ ಪಂಪು ದೊಡ್ಡದು ಮಾಡುತ್ತೇನೆಂದವನನ್ನು ಅವರು ತೋಟದೊಳಗೆ ಬಿಟ್ಟುಕೊಳ್ಳಲಾರರು. ಅದೇ ಮನೆಯ ಯಜಮಾನರು ತಂತಿಯ ವಿಷಯ ಬಂದಾಗ ಮಾತ್ರ, ಅದು ಕಣ್ಣಿಗೆ ಕಾಣುವ ಹರಿವಲ್ಲವೆಂಬ ಕಾರಣದಿಂದ, ಕೆಲಸದವರ ಮಾತಿಗೆ ತಲೆಬಾಗುತ್ತಾರೆ.

ಪಂಪನ್ನು ದೊಡ್ಡದು ಮಾಡುವ ಆ ವಾದವೇ ಸೌರಲೋಕದಲ್ಲಿ ಬೇರೆ ವೇಷದಲ್ಲಿ ಪ್ರಚಾರದಲ್ಲಿದೆ. ತಂತಿಯಲ್ಲಿ ಸ್ವಲ್ಪ ಹೋದರೇನು, ಇನ್ನೊಂದು ಪ್ಯಾನೆಲ್ ಸೇರಿಸಿದರಾಯಿತು. ಪ್ಯಾನೆಲಿನ ಬೆಲೆ ಈಗ ಇಳಿದಿದೆ, ತಾಮ್ರದ ಬೆಲೆ ಏರಿದೆ ಎನ್ನುತ್ತಾರೆ. ಬೆಲೆಯ ಮಾತು ನಿಜ. ನಿರ್ಣಯ ಮಾತ್ರ ತಪ್ಪು. ಎರಡನೆಯ ಪ್ಯಾನೆಲನ್ನು ಮೊದಲನೆಯದಕ್ಕೆ ಸಮಾಂತರವಾಗಿ ಸೇರಿಸಿದರೆ ಪ್ರವಾಹ ಇಮ್ಮಡಿಯಾಗಬೇಕು; ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಕಳೆಯುವ ವೋಲ್ಟು ಇಮ್ಮಡಿ, ವಾಟು ನಾಲ್ಕುಮಡಿ. ಮೇಲಿನ ಅದೇ ತಂತಿಯಲ್ಲಿ 11.4 ಆಂಪಿಯರ್ ಹರಿಯಬೇಕಾದರೆ ನಾಲ್ಕೂವರೆ ವೋಲ್ಟು ದಾರಿಯಲ್ಲೇ ಖರ್ಚಾಗಬೇಕು. ಏಪ್ರಿಲಿನ ಮಧ್ಯಾಹ್ನ ಪ್ಯಾನೆಲಿನ ಕೋಶಗಳು 60 ಡಿಗ್ರಿಗೆ ಕಾದಿರುವಾಗ, 25 ಡಿಗ್ರಿಯಲ್ಲಿ ಹದಿನೇಳೂವರೆ ವೋಲ್ಟು ಕೊಡುತ್ತಿದ್ದ ಪ್ಯಾನೆಲು ಹದಿನೈದರ ಸುತ್ತಮುತ್ತ ಬಂದು ನಿಲ್ಲುತ್ತದೆ. ಡಿಗ್ರಿಗೆ ಸುಮಾರು ನೂರಕ್ಕೆ 0.4ರಂತೆ ಅದರ ವೋಲ್ಟು ಕುಂದುವುದು ಸ್ವಭಾವಸಿದ್ಧವಾದದ್ದು. ಹದಿನೈದರಲ್ಲಿ ನಾಲ್ಕೂವರೆ ಹೋದರೆ ಉಳಿಯುವ ಹತ್ತೂವರೆಯಿಂದ ಹನ್ನೆರಡು ವೋಲ್ಟಿನ ಬ್ಯಾಟರಿಗೆ ಏನು ತುಂಬೀತು? ವಾಸ್ತವದಲ್ಲಿ ಆ 11.4 ಆಂಪಿಯರ್ ಹರಿಯುವುದೇ ಇಲ್ಲ. ಪ್ಯಾನೆಲು ತನ್ನ ವೋಲ್ಟನ್ನು ಏರಿಸಿಕೊಂಡು ಪ್ರವಾಹವನ್ನು ತಗ್ಗಿಸಿಕೊಳ್ಳುತ್ತದೆ. ಎರಡನೆಯ ಪ್ಯಾನೆಲಿಗೆ ಕೊಟ್ಟ ಹಣದ ದೊಡ್ಡ ಪಾಲು ಗುಡ್ಡೆಯ ಮೇಲೆ ಬಿಸಿಲು ಕಾಯುತ್ತಾ ನಿಂತಿರುತ್ತದೆ.

ಇಲ್ಲಿ ವಿಷಯ ಬಲ್ಲವರು ಒಂದು ಆಕ್ಷೇಪ ತರಬಹುದು. ಅದನ್ನು ಮರೆಮಾಚುವುದು ಸಲ್ಲದು. ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ನಿಂತು ತುಂಬಿಕೆಯನ್ನು ನಿಯಂತ್ರಿಸುವ ಸಾಮಾನ್ಯ ಚಾರ್ಜ್ ಕಂಟ್ರೋಲರಿನೊಡನೆ ಬ್ಯಾಟರಿ ಬರಿದಾಗಿ 12.5, 13 ವೋಲ್ಟಿನಲ್ಲಿರುವಾಗ ಪ್ಯಾನೆಲಿಗೆ ಎರಡು ವೋಲ್ಟಿನ ಹೆಚ್ಚುವರಿ ಇದ್ದೇ ಇರುತ್ತದೆ, ಆ ಹೆಚ್ಚುವರಿಯನ್ನು ತಂತಿ ನುಂಗಿದರೂ ಆಂಪಿಯರ್ ಕಡಿಮೆಯಾಗುವುದಿಲ್ಲ ಎಂಬುದು ಆ ಆಕ್ಷೇಪ. ಬೆಳಗಿನ ಹೊತ್ತಿಗೆ ಅದು ಸತ್ಯ. ಆದರೆ ಸೀಸ-ಆಮ್ಲದ ಬ್ಯಾಟರಿಯ ಆಯುಸ್ಸು ನಿರ್ಧಾರವಾಗುವುದು ಬೆಳಗಿನ ಮೊದಲ ತುಂಬಿಕೆಯಲ್ಲಲ್ಲ. ಅಪರಾಹ್ನ ಅದು 14.4 ವೋಲ್ಟಿಗೆ ಏರಿ ಕೆಲವು ಗಂಟೆ ಅಲ್ಲಿಯೇ ನಿಂತು ಪೂರ್ಣವಾಗುವ ಕೊನೆಯ ಘಟ್ಟದಲ್ಲಿ. ಆ ಘಟ್ಟಕ್ಕೇರಲು ಕಾದ ಪ್ಯಾನೆಲಿನಲ್ಲಿ ಹೆಚ್ಚುವರಿಯಾಗಿ ಉಳಿದಿರುವುದು ಒಂದು ವೋಲ್ಟಿಗೂ ಕಡಿಮೆ. ತಂತಿ ಅದಕ್ಕಿಂತ ಹೆಚ್ಚು ಕೇಳಿದರೆ ಬ್ಯಾಟರಿಯ ತುಂಬಿಕೆ ಅಲ್ಲಿಗೆ ಕುಂಟುತ್ತದೆ. ದಿನವೂ ನೂರಕ್ಕೆ ಎಂಬತ್ತು, ಎಂಬತ್ತೈದರಷ್ಟು ಮಾತ್ರ ತುಂಬಿ ಸಂಜೆ ಮತ್ತೆ ಖರ್ಚಾಗುವ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಹೀಗೆ ಗಟ್ಟಿಯಾದದ್ದು ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಸುಲಭವಾಗಿ ಕರಗದು. ಐದಾರು ವರ್ಷ ಬಾಳಬೇಕಾದ ಟ್ಯೂಬುಲರ್ ಬ್ಯಾಟರಿ ಎರಡು ಮೂರು ವರ್ಷಗಳಲ್ಲಿ ಕೈಕೊಡುತ್ತದೆ. ಆಗ ಬ್ಯಾಟರಿ ಕಂಪೆನಿಯನ್ನು ಬೈಯುತ್ತಾರೆ, ಸೋಲಾರನ್ನೇ ಬೈಯುತ್ತಾರೆ, ಹೊಸ ಬ್ಯಾಟರಿ ತಂದು ಅದೇ ತಂತಿಗೆ ಕಟ್ಟುತ್ತಾರೆ.

ಇದಕ್ಕಿಂತಲೂ ಕೆಟ್ಟ ವಿಧಾನವೊಂದುಂಟು: ಕಂಟ್ರೋಲರನ್ನು ಪ್ಯಾನೆಲಿನ ಕಂಬಕ್ಕೇ ಕಟ್ಟಿ, ಅಲ್ಲಿಂದ ಮನೆಯ ಬ್ಯಾಟರಿಗೆ ಉದ್ದ ತಂತಿ ಎಳೆಯುವುದು. ಚಾರ್ಮಾಡಿ ಘಾಟಿಯ ಬುಡದ ಒಂದು ಮನೆಯಲ್ಲಿ ಇಂಥದನ್ನು ಹತ್ತಿರದಿಂದ ನೋಡಿದ್ದೇನೆ. ಅಂಗಳದಂಚಿನ ಕಬ್ಬಿಣದ ಕಂಬದಲ್ಲಿ ಕಂಟ್ರೋಲರಿನ ಪೆಟ್ಟಿಗೆ; ಅದರೊಳಗೆ ಬ್ಯಾಟರಿ ತುಂಬಿತೆಂದು ಸಾರುವ ಹಸಿರು ದೀಪ. ಮಲ್ಟಿಮೀಟರನ್ನು ಅದರ ಬ್ಯಾಟರಿ ತಿರುಪುಗಳಿಗೆ ಹಿಡಿದಾಗ 14.4. ಅಂಗಳ ದಾಟಿ, ಕೊಟ್ಟಿಗೆಯ ಮಾಡಿನಡಿಯಲ್ಲಿ ತೂಗಿಬಿದ್ದ ತಂತಿಯನ್ನು ಹಿಂಬಾಲಿಸಿ, ಒಳಗೆ ಬ್ಯಾಟರಿಯ ಕಂಬಗಳಿಗೇ ಮುಟ್ಟಿಸಿದಾಗ 13.2. ಕೊಟ್ಟಿಗೆಯ ಹತ್ತಿರ ತಂತಿ ಸಾಲದೆ ಬಂದಲ್ಲಿ ಎರಡು ತುದಿಗಳನ್ನು ಬರಿಗೈಯಲ್ಲಿ ಹೊಸೆದು ಕಪ್ಪು ಟೇಪು ಸುತ್ತಿದ್ದರು. ಟೇಪು ಬಿಚ್ಚಿದರೆ ತಾಮ್ರ ಹಸಿರುಗಟ್ಟಿ, ಕೆಲವು ಎಳೆಗಳು ಮುಟ್ಟಿದಲ್ಲೇ ಪುಡಿಯಾದವು. ಬ್ಯಾಟರಿಯನ್ನು ಕಾಣದ ಕಂಟ್ರೋಲರು ತನ್ನ ಬಾಗಿಲಲ್ಲಿ 14.4 ಕಂಡು ತುಂಬಿತೆಂದು ತಿಳಿದು ಪ್ರವಾಹವನ್ನು ಬಿಗಿಹಿಡಿದಿತ್ತು. ತಂತಿಯ ರೋಧ 0.4 ಓಮ್ ಎಂದರೆ ಆ 1.2 ವೋಲ್ಟಿನ ಅಂತರದಲ್ಲಿ ಹರಿಯಲು ಸಾಧ್ಯವಾದದ್ದು ಮೂರೇ ಆಂಪಿಯರ್. ಹಸಿರು ದೀಪ ಉರಿಯುತ್ತಿರುವಾಗ ಬ್ಯಾಟರಿ ಹಸಿದಿತ್ತು.

ಮಳೆಗಾಲದಲ್ಲಿ ಹೇಗೂ ಬಿಸಿಲಿಲ್ಲ, ತಂತಿ ದಪ್ಪವಿದ್ದು ಏನು ಪ್ರಯೋಜನ ಎನ್ನುವವರೂ ಉಂಟು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ನಮ್ಮದು. ಮೋಡ ಕವಿದ ದಿನ ಪ್ರವಾಹವೇ ಅಲ್ಪವಾದ್ದರಿಂದ ತಂತಿಯ ನಷ್ಟವೂ ಅಲ್ಪವೆಂಬುದು ನಿಜ. ಆದರೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿಯೂ ಮಳೆ ಬಿಟ್ಟಾಗ ಒಂದೆರಡು ಗಂಟೆ ತೀಕ್ಷ್ಣವಾದ ಬಿಸಿಲು ಬರುತ್ತದೆ. ಆ ದಿನದ, ಕೆಲವೊಮ್ಮೆ ಆ ವಾರದ, ಸಂಪಾದನೆಯೆಲ್ಲ ಆ ಒಂದೆರಡು ಗಂಟೆಯದು. ಪ್ರವಾಹ ಪೂರ್ಣವಾಗಿರುವ ಆ ಹೊತ್ತಿನಲ್ಲಿಯೇ ತಂತಿಯ ನಷ್ಟವೂ ಪೂರ್ಣವಾಗಿರುತ್ತದೆ. ಮರ ಬಿದ್ದು ಕಂಬ ಮುರಿದು ಮೂರು ನಾಲ್ಕು ದಿನ ಕರೆಂಟಿಲ್ಲದ ಮನೆಗೆ ಅದು ಸಣ್ಣ ಮಾತಲ್ಲ.

ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಎರಡು ಮಾರು ತಂತಿಯ ವಿಷಯದಲ್ಲಿ ಉಪೇಕ್ಷೆ ಇನ್ನೂ ಹೆಚ್ಚು; ಗಿಡ್ಡ ತಂತಿಗೇನು ಲೆಕ್ಕ ಎನ್ನುತ್ತಾರೆ. 500 ವಾಟಿನ ಮಿಕ್ಸಿ ಹನ್ನೆರಡು ವೋಲ್ಟಿನ ಇನ್ವರ್ಟರಿನ ಮೂಲಕ ನಡೆಯಬೇಕಾದರೆ ಬ್ಯಾಟರಿಯಿಂದ ಐವತ್ತು ಆಂಪಿಯರ್ ಬೇಕು, ಹೊರಡುವ ಕ್ಷಣದಲ್ಲಿ ಅದರ ಇಮ್ಮಡಿ. ಹೋಗಿ ಬರುವ ನಾಲ್ಕು ಮೀಟರ್ 6 ಸ್ಕ್ವೇರ್ ತಂತಿಯಲ್ಲಿ ನೂರು ಆಂಪಿಯರಿಗೆ 1.3 ವೋಲ್ಟು ಹೋಗುತ್ತದೆ. 25 ಸ್ಕ್ವೇರಿನಲ್ಲಿ ಹೋಗುವುದು 0.3. ಭಾರ ಬಿದ್ದಾಗ 11.8ಕ್ಕಿಳಿದ ಬ್ಯಾಟರಿಯಿಂದ ಇನ್ವರ್ಟರಿಗೆ ತಲುಪುವುದು ಹತ್ತೂವರೆ ವೋಲ್ಟಾದರೆ, ಬ್ಯಾಟರಿ ಮುಗಿಯಿತೆಂದು ಅದು ಕೂಗಿ ನಿಂತುಬಿಡುತ್ತದೆ. ಕಡೆಯಲು ಹಾಕಿದ ಅಕ್ಕಿ ಮಿಕ್ಸಿಯಲ್ಲೇ ಉಳಿಯುತ್ತದೆ, ದೂಷಣೆ ಮತ್ತೆ ಬ್ಯಾಟರಿಗೆ ಬರುತ್ತದೆ.

ಹಾಗಾದರೆ ಎಲ್ಲೆಡೆಯೂ ಬೆರಳು ದಪ್ಪದ ತಾಮ್ರ ಹಾಕಬೇಕೆ? ಹಾಗೆ ಹೇಳುವುದೂ ಇನ್ನೊಂದು ಅವಿಚಾರವೇ. ಕೊಟ್ಟಿಗೆಯಲ್ಲಿ ಉರಿಯುವ 9 ವಾಟಿನ ಎಲ್ಇಡಿ ದೀಪಕ್ಕೆ ಮುಕ್ಕಾಲು ಆಂಪಿಯರ್ ಸಾಕು. ಮೂವತ್ತು ಮೀಟರ್ ದೂರಕ್ಕೂ 1.5 ಸ್ಕ್ವೇರ್ ತಂತಿ ಅಲ್ಲಿ ಧಾರಾಳವಾಯಿತು, ಕಳೆಯುವುದು 0.6 ವೋಲ್ಟು. ಆಂಪಿಯರನ್ನೂ ಉದ್ದವನ್ನೂ ಗುಣಿಸಿ ನೋಡಿ ನಿರ್ಧರಿಸಬೇಕೆಂಬುದಷ್ಟೇ ನನ್ನ ವಾದ. ಪ್ಯಾನೆಲಿನ ದಾರಿಯಲ್ಲಿ ನೂರಕ್ಕೆ ಮೂರು, ಬ್ಯಾಟರಿಯ ದಾರಿಯಲ್ಲಿ ನೂರಕ್ಕೆ ಒಂದೆರಡು, ದೀಪದ ದಾರಿಯಲ್ಲಿ ನೂರಕ್ಕೆ ಐದು: ಇವನ್ನು ಮೀರದಂತೆ ತಂತಿ ಆರಿಸಿದರೆ ತಪ್ಪಾಗದು. ಸೋವಿಯೆಂದು ಅಲ್ಯೂಮಿನಿಯಂ ತಂತಿಗೆ, ಅಥವಾ ಮೇಲೆ ತಾಮ್ರದ ಲೇಪವಿದ್ದು ಒಳಗೆ ಅಲ್ಯೂಮಿನಿಯಂ ಇರುವ ತಂತಿಗೆ, ಮನಸೋಲಬಾರದು. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು, ಮತ್ತು ನಮ್ಮ ತೇವದ ಹವೆಯಲ್ಲಿ ಅದು ತಾಮ್ರದೊಡನೆ ಕೂಡುವಲ್ಲೆಲ್ಲ ತುಕ್ಕು ಖಂಡಿತ. ಫ್ಯೂಸಿನ ವಿಷಯದಲ್ಲಿ ಮಾತ್ರ ಆಂಪಿಯರ್ ಕೋಷ್ಟಕಕ್ಕೆ ಪೂರ್ಣ ಅಧಿಕಾರವುಂಟು: ತಂತಿ ತಡೆಯುವುದಕ್ಕಿಂತ ಕಡಿಮೆಯ ಫ್ಯೂಸು ಬ್ಯಾಟರಿಯ ಕಂಬದ ಸಮೀಪದಲ್ಲಿಯೇ ಇರತಕ್ಕದ್ದು, ಏಕೆಂದರೆ ಶಾರ್ಟ್ ಆದಾಗ ಒಂದು ಟ್ಯೂಬುಲರ್ ಬ್ಯಾಟರಿ ಕ್ಷಣಮಾತ್ರದಲ್ಲಿ ಸಾವಿರ ಆಂಪಿಯರನ್ನೂ ಮೀರಿ ಸುರಿಸಬಲ್ಲುದು.

ತಾಮ್ರದ ಖರ್ಚನ್ನು ತಗ್ಗಿಸುವ ಯೋಗ್ಯ ಮಾರ್ಗ ತಂತಿಯನ್ನು ಸಪೂರ ಮಾಡುವುದಲ್ಲ, ವೋಲ್ಟನ್ನು ಏರಿಸುವುದು. ಮತ್ತು ಈ ಪಾಠ ಕನ್ನಡನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಒಯ್ದ ಮೈಸೂರು ಸಂಸ್ಥಾನದ ಎಂಜಿನಿಯರರು ಅಷ್ಟು ದೂರವನ್ನು ಗೆದ್ದದ್ದು ಸಾವಿರಾರು ವೋಲ್ಟುಗಳ ಒತ್ತಡದ ಬಲದಿಂದಲೇ. ಅದಕ್ಕೆ ಇಪ್ಪತ್ತು ವರ್ಷ ಮೊದಲು, 1882ರಲ್ಲಿ, ನ್ಯೂಯಾರ್ಕಿನಲ್ಲಿ ಎಡಿಸನ್ 110 ವೋಲ್ಟಿನ ಏಕಮುಖ ವಿದ್ಯುತ್ತನ್ನು ಹಂಚಲಾರಂಭಿಸಿದಾಗ ಒಂದೆರಡು ಕಿಲೋಮೀಟರಿನಾಚೆಗೆ ಅದನ್ನು ಒಯ್ಯಲು ತಾಮ್ರದ ವೆಚ್ಚವೇ ಅಡ್ಡಿಯಾಯಿತು. ನೂರಹತ್ತು ವೋಲ್ಟಿಗೇ ಆ ಕಷ್ಟವಾದರೆ ಹನ್ನೆರಡಕ್ಕೆ ಎಷ್ಟು? ಅದೇ ನೂರು ವಾಟನ್ನು 24 ವೋಲ್ಟಿನಲ್ಲಿ ಒಯ್ದರೆ ಪ್ರವಾಹ ಅರ್ಧ, ನಷ್ಟ ಕಾಲು, 48ರಲ್ಲಿ ಹದಿನಾರರಲ್ಲೊಂದು. ಎರಡು ಪ್ಯಾನೆಲುಗಳನ್ನು ಸರಣಿಯಲ್ಲಿ ಕಟ್ಟಿ, ಗುಡ್ಡೆಯಿಂದ ಮನೆಯವರೆಗೆ ಹೆಚ್ಚಿನ ವೋಲ್ಟಿನಲ್ಲಿ ತಂದು, ಹೆಚ್ಚಿನ ವೋಲ್ಟನ್ನು ಬ್ಯಾಟರಿಗೆ ತಕ್ಕಷ್ಟಕ್ಕೆ ಇಳಿಸಿ ಆಂಪಿಯರನ್ನು ಏರಿಸಿಕೊಡುವ ಎಂಪಿಪಿಟಿ ಕಂಟ್ರೋಲರನ್ನು ಬ್ಯಾಟರಿಯ ಪಕ್ಕದಲ್ಲಿಯೇ ಇಟ್ಟುಕೊಂಡರೆ ಉದ್ದದ ದೋಷ ಬಹುಪಾಲು ಪರಿಹಾರವಾಗುತ್ತದೆ. ದೂರ ಹೆಚ್ಚಿರುವ ಮನೆಗಳಿಗೆ ನಾನು ಸೂಚಿಸುವುದು ಇದನ್ನೇ.

ಈ ಸೀಮೆ ಸೌರವಿದ್ಯುತ್ತಿಗೆ ಅಪರಿಚಿತವಾದದ್ದಲ್ಲ. ಹರೀಶ್ ಹಂದೆಯವರು 1995ರಲ್ಲಿ ಸೌರದೀಪದ ಕಂಪೆನಿಯಾದ ಸೆಲ್ಕೋವನ್ನು ಆರಂಭಿಸಿದಂದಿನಿಂದ ಕರಾವಳಿಯ ಎಷ್ಟೋ ಹಳ್ಳಿಮನೆಗಳಿಗೆ ಸೌರದೀಪ ಬಂದಿದೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಸೌರ ಸಾಲವನ್ನು ಆರಂಭಿಸಿದವು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಬಡವರ ಮನೆಗೂ ಅದು ಎಟಕುವಂತೆ ಸಾಲ ಒದಗಿಸಿತು. ಹಣದ ಪ್ರಶ್ನೆಗೆ ಇಷ್ಟು ಜನ ಇಷ್ಟು ಶ್ರಮದಿಂದ ಉತ್ತರ ಕಂಡುಕೊಂಡ ನಾಡಿನಲ್ಲಿ ತಂತಿಯ ಪ್ರಶ್ನೆ ಅನಾಥವಾಗಿ ಉಳಿದಿರುವುದೇ ನನ್ನ ಸಂಕಟ. ಸಾಲ ತೀರುವ ಮೊದಲೇ ಬ್ಯಾಟರಿ ತೀರಿದ ಮನೆಯವರು ಕಂತು ಕಟ್ಟುತ್ತಾ ಚಿಮಿಣಿ ದೀಪಕ್ಕೆ ಮರಳುವುದನ್ನು ಯಾವ ತಾಮ್ರದ ಉಳಿತಾಯವೂ ಸಮರ್ಥಿಸಲಾರದು.

ಅಂದಾಜುಪಟ್ಟಿಯಲ್ಲಿ ಪ್ಯಾನೆಲಿಗೆ ಒಂದು ಸಾಲು, ಬ್ಯಾಟರಿಗೆ ಒಂದು ಸಾಲು ಬರೆದು, ಉಳಿದುದನ್ನೆಲ್ಲ "ವಯರಿಂಗ್ ಇತ್ಯಾದಿ" ಎಂಬ ಒಂದೇ ಮೊತ್ತದಲ್ಲಿ ಮುಗಿಸುವ ಪದ್ಧತಿ ನಿಲ್ಲಬೇಕು. ಪ್ಯಾನೆಲಿನಿಂದ ಕಂಟ್ರೋಲರಿಗೆ ಎಷ್ಟು ಮೀಟರ್, ಎಷ್ಟು ಸ್ಕ್ವೇರ್; ಬ್ಯಾಟರಿಯಿಂದ ಇನ್ವರ್ಟರಿಗೆ ಎಷ್ಟು ಮೀಟರ್, ಎಷ್ಟು ಸ್ಕ್ವೇರ್ ಎಂದು ಬರೆಯದ ಅಂದಾಜುಪಟ್ಟಿಯ ಮೇಲೆ ಬ್ಯಾಂಕುಗಳು ಸಾಲ ಕೊಡಕೂಡದು. ಉಜಿರೆಯ ರುಡ್‌ಸೆಟ್ ಸಂಸ್ಥೆಯಂಥ ತರಬೇತಿಯ ನೆಲೆಗಳು ವೋಲ್ಟು ಕುಸಿತದ ಲೆಕ್ಕವನ್ನು, ಲಗ್ ಒತ್ತಿ ತಂತಿ ಕೂಡಿಸುವ ಕ್ರಮವನ್ನು ಪ್ರತಿಯೊಬ್ಬ ಕಲಿಕೆಯವನ ಕೈಗೆ ಹತ್ತಿಸಬೇಕು. ಮನೆಯವರಲ್ಲಿ ನನ್ನ ಪ್ರಾರ್ಥನೆ ಒಂದೇ: ಕೆಲಸದವರು ಬಿಲ್ಲು ಕೊಡುವ ದಿನ, ಬಿಸಿಲೇರಿದ ಹನ್ನೆರಡು ಗಂಟೆಯ ಹೊತ್ತಿನಲ್ಲಿ, ಬ್ಯಾಟರಿ ಚಾರ್ಜಾಗುತ್ತಿರುವಾಗಲೇ, ತಂತಿಯ ಎರಡು ತುದಿಗಳಲ್ಲಿಯೂ ಮಲ್ಟಿಮೀಟರ್ ಇಡಿಸಿ ಎರಡು ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿ, ಪ್ಯಾನೆಲಿನ ತಂತಿಯಲ್ಲಿ ಅಂತರ ಅರ್ಧ ವೋಲ್ಟನ್ನು ಮೀರಿದ್ದರೆ ತಂತಿ ಬದಲಿಸದೆ ಹಣ ಕೊಡಬೇಡಿ.